ವಾಲ್ವ್ ಎಲ್ಲಿದೆ, ಪಾಲಿಸಿ ಎಲ್ಲಿದೆ? ಮನೆಯವರಿಗಾಗಿ ಒಂದು ಫೈಲ್ ಮಾಡಿಡಿ

ನನ್ನ ಆಪರೇಷನ್ ಆಗಿ ಎರಡನೇ ದಿನ. ಕೈಗೆ ಚುಚ್ಚಿದ ಗ್ಲೂಕೋಸ್ ಸೂಜಿ ಇನ್ನೂ ತೆಗೆದಿರಲಿಲ್ಲ. ಮನೆಯಿಂದ ಹೆಂಡತಿಯ ಫೋನ್: "ರೀ, ಪೈಪ್ ಒಡೆದು ಮನೆ ತುಂಬಾ ನೀರು. ಬಂದ್ ಮಾಡೋ ವಾಲ್ವ್ ಎಲ್ಲಿದೆ?" ಅದೇ ಮನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇವೆ. ನಾನು ಒಮ್ಮೆಯೂ ತೋರಿಸಿರಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಮಲಗಿ ಯೋಚಿಸಿದರೆ, ಮಗಳ ಲಸಿಕೆ ಕಾರ್ಡ್ ಎಲ್ಲಿದೆ ಅಂತ ನನಗೂ ಗೊತ್ತಿರಲಿಲ್ಲ.

ಮನೆಯ ಅರ್ಧ ಮಾಹಿತಿ ಒಬ್ಬರ ತಲೆಯಲ್ಲಿ, ಇನ್ನರ್ಧ ಇನ್ನೊಬ್ಬರ ತಲೆಯಲ್ಲಿ. ಅದನ್ನು ಕಾಗದಕ್ಕೆ ಇಳಿಸುವುದು ಒಂದೇ ದಿನದ ಕೆಲಸವಲ್ಲ. ವಾರಕ್ಕೆ ಒಂದು ಪುಟ ಅಂತ ಇಟ್ಟುಕೊಳ್ಳಿ, ಸಾಕು. ಬರೆಯುವಾಗ ಒಂದು ನೆನಪಿರಲಿ: ಇದನ್ನು ಓದುವವರು ಗಾಬರಿಯಲ್ಲಿರುತ್ತಾರೆ, ಪಕ್ಕದಲ್ಲಿ ನೀವಿರುವುದಿಲ್ಲ.

1. ಮೊದಲ ಪುಟ ಮೊದಲ ಒಂದು ಗಂಟೆಗೆ

ವಿಮೆ, ಆಸ್ತಿ ಎಲ್ಲ ಆಮೇಲೆ. ಈ ಪುಟದಲ್ಲಿ ತುರ್ತು ಸಹಾಯವಾಣಿ, ಡಾಕ್ಟರು, ಕೂಡಲೇ ಓಡಿ ಬರಬಲ್ಲ ಇಬ್ಬರು, ಪ್ಲಂಬರ್, ಎಲೆಕ್ಟ್ರಿಷಿಯನ್ ನಂಬರುಗಳಿರಲಿ. ಮನೆಯ ಬೀಗದ ಇನ್ನೊಂದು ಕೀ ಯಾರ ಹತ್ತಿರ ಇದೆ ಅನ್ನುವುದೂ ಇರಲಿ.

ಅದರ ಕೆಳಗೆ ಮೂರು ಜಾಗ: ನೀರಿನ ಮುಖ್ಯ ವಾಲ್ವ್, ಕರೆಂಟಿನ ಮೇನ್ ಸ್ವಿಚ್, ಗ್ಯಾಸ್ ಬಂದ್ ಮಾಡುವ ಜಾಗ. ಫೋಟೋ ತೆಗೆದು ಅಂಟಿಸಿದರೆ ಇನ್ನೂ ಒಳ್ಳೆಯದು. ಹೇಗೆ ಮುಚ್ಚಬೇಕು ಅಂತಲೂ ಬರೆಯಿರಿ. ಹಿಡಿಕೆ ಇರುವ ವಾಲ್ವ್ ಆದರೆ, ಹಿಡಿಕೆ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡಕ್ಕೆ ಇದ್ದರೆ ಮುಚ್ಚಿದೆ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಹೋಗಿ ಅಲ್ಲಿಂದ ಫೋನ್ ಮಾಡಿ ಅನ್ನುವ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.

2. ಒಬ್ಬೊಬ್ಬರಿಗೆ ಒಂದು ಆರೋಗ್ಯ ಪುಟ

ಎಲ್ಲರೂ ಮೊದಲು ಬರೆಯುವುದು ರಕ್ತದ ಗುಂಪು. ಬರೆಯಿರಿ, ಬೇಡ ಅನ್ನುವುದಿಲ್ಲ. ಆದರೆ ರಕ್ತ ಕೊಡುವ ಮುನ್ನ ಆಸ್ಪತ್ರೆಯವರು ಹೇಗೂ ಪರೀಕ್ಷೆ ಮಾಡಿಯೇ ಮಾಡುತ್ತಾರೆ. ಯಾವ ಔಷಧಿಯ ಅಲರ್ಜಿ ಇದೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದಾರಾ, ಪೇಸ್‌ಮೇಕರ್ ಅಥವಾ ಸ್ಟೆಂಟ್ ಇದೆಯಾ, ಇವು ಅದಕ್ಕಿಂತ ಜಾಸ್ತಿ ಮುಖ್ಯ.

'ಬಿಪಿ ಮಾತ್ರೆ, ಬಿಳಿ, ದುಂಡಗೆ' ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. ಕಂಪನಿ ಇಟ್ಟ ಹೆಸರಿನ ಜೊತೆ ಒಳಗಿರುವ ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಇಷ್ಟೂ ಬೇಕು. ಕಂಪನಿಯ ಹೆಸರು ಊರಿಂದೂರಿಗೆ ಬದಲಾಗಬಹುದು, ಔಷಧಿಯ ಹೆಸರಾದರೆ ಡಾಕ್ಟರಿಗೆ ಎಲ್ಲಿದ್ದರೂ ಅರ್ಥವಾಗುತ್ತದೆ.

ಇದೇ ವಿವರವನ್ನು ಫೋನಿಗೂ ಹಾಕಿ. ಐಫೋನ್‌ನಲ್ಲಿ ಹೆಲ್ತ್ ಆ್ಯಪ್‌ನ ಮೆಡಿಕಲ್ ಐಡಿ, ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ತುರ್ತು ಮಾಹಿತಿ ಇರುತ್ತದೆ. ಲಾಕ್ ತೆಗೆಯದೆಯೇ ಬೇರೆಯವರು ಓದುವಂತೆ ಮಾಡಿಡಬಹುದು. ಐದು ನಿಮಿಷದ ಕೆಲಸ.

3. ಹಣದ ಪುಟದಲ್ಲಿ ಗುಟ್ಟು ಬೇಡ, ಗುರುತು ಸಾಕು

ಪೂರ್ತಿ ಖಾತೆ ನಂಬರು, ಪಿನ್ ಬರೆಯುವುದು ಬೇಡವೇ ಬೇಡ. ಫೈಲ್ ಕಳ್ಳರ ಕೈಗೂ ಸಿಗಬಹುದು, ಅಲ್ವಾ? ಬ್ಯಾಂಕಿನ ಹೆಸರು, ಶಾಖೆ, ಖಾತೆಯ ಕೊನೆಯ ನಾಲ್ಕು ಅಂಕಿ ಸಾಕು. ವಿಮೆಯದಾದರೆ ಪಾಲಿಸಿ ನಂಬರು, ಮೂಲ ಪತ್ರ ಯಾವ ಕಪಾಟಿನಲ್ಲಿದೆ, ಯಾರನ್ನು ಕೇಳಬೇಕು. ಸಾಲವನ್ನೂ ಬಿಡಬೇಡಿ. ಬಾಯಿಮಾತಿನಲ್ಲಿ ಕೊಟ್ಟ, ತೆಗೆದುಕೊಂಡ ಕೈಸಾಲಕ್ಕೆ ಬೇರೆಲ್ಲೂ ದಾಖಲೆ ಇರುವುದಿಲ್ಲ. ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಬಿಲ್ಲು, ಕಂತುಗಳು ಯಾವ ಖಾತೆಯಿಂದ ಹೋಗುತ್ತವೆ? ಆ ಖಾತೆ ನಿಂತುಹೋದರೆ ಅವೆಲ್ಲ ಒಟ್ಟಿಗೆ ನಿಲ್ಲುತ್ತವೆ.

ನಾಮಿನಿ ಹೆಸರನ್ನು ಒಮ್ಮೆ ತೆಗೆದು ನೋಡಿ. ಮದುವೆಗೆ ಮುಂಚೆ ತುಂಬಿದ ಫಾರ್ಮಿನಲ್ಲಿ ಇವತ್ತಿಗೂ ಅಪ್ಪನ ಹೆಸರೇ ಇರಬಹುದು. ನಾಮಿನಿಗೆ ಎಷ್ಟು ಹಕ್ಕು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ, ವಕೀಲರನ್ನು ಕೇಳಿ.

ಎರಡು ಎಡವಟ್ಟುಗಳ ಬಗ್ಗೆ ಎಚ್ಚರ. ನಿಮ್ಮೊಬ್ಬರ ಹೆಸರಿನ ಲಾಕರಿನಲ್ಲಿ ಉಯಿಲನ್ನು ಇಡಬೇಡಿ. ಲಾಕರ್ ತೆರೆಯಲು ಕಾಗದಪತ್ರ ಬೇಕು ಅನ್ನುತ್ತಾರೆ, ಆ ಕಾಗದವೇ ಲಾಕರಿನೊಳಗಿರುತ್ತದೆ. ಇನ್ನೊಂದು, ಪವರ್ ಆಫ್ ಅಟಾರ್ನಿ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಕೊಟ್ಟಿದ್ದೇನಲ್ಲ ಅಂತ ಸುಮ್ನೆ ಕೂರಬೇಡಿ. ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಅದು ಅಲ್ಲಿಗೇ ಮುಗಿಯುತ್ತದೆ.

4. ಫೋನು ಮತ್ತು ಪಾಸ್‌ವರ್ಡ್

ಈಗ ಮನೆಯ ದೊಡ್ಡ ಬೀಗದ ಕೈ ಅಂದರೆ ಫೋನು. ಒಟಿಪಿ ಬರುವುದೇ ಅದಕ್ಕೆ. ಯಾರಾದರೂ ತೀರಿಕೊಂಡರೆ ಅವರ ಸಿಮ್ ಅನ್ನು ಅವಸರದಲ್ಲಿ ರದ್ದು ಮಾಡಬೇಡಿ ಅಂತ ಫೈಲಿನಲ್ಲಿ ಬರೆದಿಡಿ. ಪಾಸ್‌ವರ್ಡ್‌ಗಳನ್ನು ಕಾಗದದಲ್ಲಿ ಪಟ್ಟಿ ಮಾಡುವ ಬದಲು ಪಾಸ್‌ವರ್ಡ್ ಮ್ಯಾನೇಜರ್ (ಎಲ್ಲ ಪಾಸ್‌ವರ್ಡ್‌ಗಳನ್ನೂ ಒಂದೇ ಬೀಗದೊಳಗೆ ಇಡುವ ಆ್ಯಪ್) ಬಳಸಿ. ತುರ್ತಿನಲ್ಲಿ ಇನ್ನೊಬ್ಬರಿಗೆ ತೆರೆಯಲು ಬಿಡುವ ಸೌಲಭ್ಯ ಕೆಲವದರಲ್ಲಿದೆ.

ಗೂಗಲ್ 2013ರಲ್ಲೇ 'ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್' ತಂದಿದೆ. ನೀವು 3ರಿಂದ 18 ತಿಂಗಳೊಳಗೆ ಒಂದು ಗಡುವು ಇಟ್ಟರೆ, ಅಷ್ಟು ಕಾಲ ಖಾತೆ ಬಳಕೆಯಾಗದಿದ್ದಾಗ ನೀವು ಹೇಳಿದವರಿಗೆ ಸುದ್ದಿ ಹೋಗುತ್ತದೆ. ಫೋಟೋ, ಮೇಲ್ ಕೂಡ ಅವರಿಗೆ ಸಿಗುವಂತೆ ಮಾಡಬಹುದು. ಆ್ಯಪಲ್‌ನಲ್ಲಿ 'ಲೆಗಸಿ ಕಾಂಟ್ಯಾಕ್ಟ್' ಇದೆ, ಅಂದರೆ ನಿಮ್ಮ ನಂತರ ಖಾತೆ ತೆರೆದು ನೋಡಲು ನೀವೇ ಹೆಸರಿಸಿದ ವ್ಯಕ್ತಿ. ಅದಕ್ಕೆ ಮರಣ ಪ್ರಮಾಣಪತ್ರದ ಜೊತೆ ಆ್ಯಪಲ್ ಕೊಡುವ ಒಂದು ಕೀ (ಕೋಡ್) ಕೂಡ ಬೇಕು. ಆ ಕೀ ಪ್ರಿಂಟ್ ತೆಗೆದು ಅವರ ಕೈಗೇ ಕೊಟ್ಟುಬಿಡಿ.

5. ಎಲ್ಲಿಡುವುದು

ಎರಡು ಪ್ರತಿ. ಒಂದು ಮನೆಯಲ್ಲಿ, ಇನ್ನೊಂದು ಬೇರೆ ಕಡೆ ಇರುವ ನಂಬಿಕಸ್ಥರ ಹತ್ತಿರ. ಬೆಂಕಿಗೋ ನೀರಿಗೋ ಒಂದು ಹೋದರೂ ಇನ್ನೊಂದು ಉಳಿಯಬೇಕು. ಪ್ರತಿ ಪುಟದ ಮೇಲೆ ಬರೆದ ತಾರೀಕು ಹಾಕಿ. ಮೆಷಿನ್ ಕೊಡುವ ನುಣುಪು ರಸೀದಿ ಕೆಲವೇ ತಿಂಗಳಲ್ಲಿ ಅಳಿಸಿಹೋಗಬಹುದು, ಅದರ ಜೆರಾಕ್ಸ್ ಇಡಿ.

6. ಒಂದು ಭಾನುವಾರ ಪರೀಕ್ಷೆ ಮಾಡಿ

ಹೆಚ್ಚಿನವರು ಬಿಡುವುದು ಇದನ್ನೇ. ಫೈಲನ್ನು ಮನೆಯವರ ಕೈಗೆ ಕೊಟ್ಟು ಸುಮ್ಮನೆ ಕುಳಿತುಕೊಳ್ಳಿ. ನೀರು ಬಂದ್ ಮಾಡಲಿ, ಪಾಲಿಸಿ ಹುಡುಕಲಿ, ಡಾಕ್ಟರ ನಂಬರಿಗೆ ಫೋನ್ ಹಚ್ಚಿ ನೋಡಲಿ. ನೀವು ಬಾಯಿ ಬಿಡಬಾರದು. ಅವರು ಕೇಳುವ ಪ್ರತಿ ಪ್ರಶ್ನೆಯೂ ಫೈಲಿನಲ್ಲಿ ನೀವು ಬಿಟ್ಟ ಒಂದು ಸಾಲು.

ನಮ್ಮನೆಯಲ್ಲಿ ವಾಲ್ವ್ ಎರಡೇ ನಿಮಿಷದಲ್ಲಿ ಸಿಕ್ಕಿತು. ಸಿಕ್ಕಿಬಿದ್ದದ್ದು ಗೀಸರ್ ಹತ್ತಿರ. 'ಎಂದಿನಂತೆ ಆನ್ ಮಾಡುವುದು' ಅಂತ ಬರೆದಿದ್ದೆ. ಹೆಂಡತಿ ಆ ಸಾಲಿನ ಮೇಲೆ ಬೆರಳಿಟ್ಟು ನನ್ನನ್ನೇ ನೋಡಿದಳು. ಅವತ್ತು ಸಂಜೆ ಅದನ್ನು ಹೊಡೆದುಹಾಕಿ, ಅದರ ಕೆಳಗೆ ಆರು ಸಾಲು ಬರೆದೆ.