ಬಫರ್‌ಗಳನ್ನೆಲ್ಲ ಒಂದೇ ಕಡೆ ತಂದದ್ದು: ಒಂದು ರನ್‌ಟೈಮ್ ಒಳಗಿನ ಅನುಭವ

ಒಂದು ಚಿಕ್ಕ ಸ್ಕ್ರಿಪ್ಟಿಂಗ್ ಭಾಷೆಯ ರನ್‌ಟೈಮನ್ನು (ಆ ಭಾಷೆಯ ಪ್ರೋಗ್ರಾಂಗಳನ್ನು ಓಡಿಸುವ ತಂತ್ರಾಂಶವನ್ನು) ನಾನು ಸಿ ಭಾಷೆಯಲ್ಲಿ ಬರೆದು ನೋಡಿಕೊಳ್ಳುತ್ತಿದ್ದೇನೆ. ಪಠ್ಯವನ್ನು ಜರಡಿ ಹಿಡಿಯುವ ಕೆಲಸಕ್ಕೆ, ಅದರಲ್ಲೂ ಕನ್ನಡ ಪಠ್ಯಕ್ಕೆ, ಅದರ ಬಳಕೆ ಹೆಚ್ಚು. ರನ್‌ಟೈಮ್ ಬೆಳೆಯುತ್ತ ಹೋದಂತೆ ಬಫರ್‌ಗಳು, ಎಂದರೆ ಓದಿದ ಅಥವಾ ಬರೆಯಬೇಕಾದ ಬೈಟ್‌ಗಳನ್ನು ತಾತ್ಕಾಲಿಕವಾಗಿ ಇಡುವ ಮೆಮೊರಿಯ ಜಾಗಗಳು, ನಾಲ್ಕು ಕಡೆ ಹರಡಿಕೊಂಡವು. ಫೈಲುಗಳು ಸಿ ಲೈಬ್ರರಿಯ ಎಸ್‌ಟಿಡಿ ಐಒ (ಓದು-ಬರಹ ನೋಡಿಕೊಳ್ಳುವ ಭಾಗ) ಸ್ಟ್ರೀಮ್‌ಗಳನ್ನು ನೆಚ್ಚಿಕೊಂಡಿದ್ದವು. ಸಾಲು ಸಾಲಾಗಿ ಓದುವ ಲೂಪಿಗೆ ವೇಗ ಬೇಕೆಂದು ಅದರದೇ ಮುಂಗಡ ಓದಿನ ಬಫರ್ ಇತ್ತು. ನೆಟ್‌ವರ್ಕ್ ಸಂಪರ್ಕದ ಸಾಕೆಟ್‌ಗಳದ್ದು ಬೇರೆ. ಬೈಟ್‌ಗಳನ್ನು ಅಕ್ಷರಗಳಾಗಿ ಬಿಡಿಸುವ ಯುಟಿಎಫ್-8 ಡಿಕೋಡರ್ ಅರ್ಧ ಬಂದ ಅಕ್ಷರವನ್ನು ಹಿಡಿದಿಟ್ಟುಕೊಳ್ಳಲು ಇನ್ನೊಂದು ಪುಟ್ಟ ಜಾಗ ಮಾಡಿಕೊಂಡಿತ್ತು. ಇವನ್ನೆಲ್ಲ ಕಿತ್ತು ಒಂದೇ ಕಡೆ ಹೇಗೆ ತಂದೆ ಎಂಬುದನ್ನು ಇಲ್ಲಿ ಬರೆಯುತ್ತೇನೆ. ಇಂಟರ್‌ಪ್ರಿಟರ್ ಕಟ್ಟುತ್ತಿರುವ ಕನ್ನಡಿಗರು ಈಗ ಅಲ್ಲಲ್ಲಿ ಸಿಗುತ್ತಾರೆ, ಅವರಿಗೆ ಉಪಯೋಗವಾದೀತು.

ವೇಗಕ್ಕಾಗಿ ಈ ಕೆಲಸ ಮಾಡಿದೆ ಎಂದು ಹಲವರು ಊಹಿಸುತ್ತಾರೆ. ವೇಗ ಬಂತು, ನಿಜ. ಆದರೆ ನನ್ನನ್ನು ಈ ಕೆಲಸಕ್ಕೆ ಹಚ್ಚಿದ್ದು ಬೇರೆಯೇ ಒಂದು ಪ್ರಶ್ನೆ: ಪ್ರೋಗ್ರಾಂ ಬರೆದ ಈ ಬೈಟ್ ಈ ಕ್ಷಣ ಎಲ್ಲಿದೆ? ಡಿಸ್ಕಿನ ಕಡೆಗೆ ಹೋಗಿದೆಯೇ, ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಕೈಯಲ್ಲಿದೆಯೇ, ನಮ್ಮ ಬಫರಿನಲ್ಲೇ ಕೂತಿದೆಯೇ? ಇದಕ್ಕೆ ಉತ್ತರ ಕೊಡಬೇಕಾದವರು ನಾಲ್ವರಿದ್ದರೆ ಉತ್ತರ ಯಾರಲ್ಲೂ ಇರುವುದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಂದಂತಾಗುತ್ತದೆ.

ಇದು ನನ್ನೊಬ್ಬನ ರನ್‌ಟೈಮಿನ ತೊಂದರೆಯಲ್ಲ. ಪೈಥಾನ್ 2ರಲ್ಲಿ ಫೈಲಿನ ಮೇಲೆ ಫಾರ್ ಲೂಪ್ ಓಡಿಸುತ್ತ ನಡುವೆ ರೀಡ್‌ಲೈನ್ ಕರೆದರೆ ದೋಷ ಬರುತ್ತಿತ್ತು: ಎರಡನ್ನೂ ಬೆರೆಸಿದರೆ ದತ್ತಾಂಶ ಕಳೆದುಹೋಗುತ್ತದೆ ಎಂಬ ಸಂದೇಶದೊಡನೆ. ಕಾರಣ ಇದೇ. ಸಿ ಲೈಬ್ರರಿಯ ಬಫರಿನ ಮೇಲೆ ಲೂಪು ತನ್ನದೇ ಮುಂಗಡ ಬಫರ್ ಇಟ್ಟುಕೊಂಡಿತ್ತು, ರೀಡ್‌ಲೈನ್‌ಗೆ ಅದರ ಸುದ್ದಿಯೇ ಗೊತ್ತಿರಲಿಲ್ಲ. 2008ರ ಪೈಥಾನ್ 3.0 ಎಸ್‌ಟಿಡಿ ಐಒವನ್ನು ಕೈಬಿಟ್ಟು ಕಚ್ಚಾ, ಬಫರ್, ಪಠ್ಯ ಎಂಬ ಮೂರು ಪದರಗಳನ್ನು ತಂದಿತು. ಅದರ ವೇಗ ಸಾಲದೆಂದು 2009ರ 3.1ರಲ್ಲಿ ಆ ಪದರಗಳನ್ನು ಸಿ ಭಾಷೆಯಲ್ಲಿ ಮತ್ತೆ ಬರೆದರು. ಪರ್ಲ್ ಇನ್ನೂ ಮೊದಲು, 2002ರ 5.8ರಲ್ಲೇ, ತನ್ನದೇ ಪರ್ಲ್‌ಐಒ ಪದರಗಳಿಗೆ ಹೊರಳಿತ್ತು. ರೂಬಿ 1.9 ಕೂಡ ತನ್ನ ಬಫರ್‌ಗಳನ್ನು ತಾನೇ ನೋಡಿಕೊಳ್ಳಲು ಶುರುಮಾಡಿತು. ಎಲ್ಲಕ್ಕಿಂತ ಹಿಂದೆ, 1991ರಲ್ಲೇ, ಬೆಲ್ ಲ್ಯಾಬ್ಸ್‌ನ ಡೇವಿಡ್ ಕಾರ್ನ್ ಮತ್ತು ಕೀಮ್-ಫಾಂಗ್ ವೊ ಎಸ್‌ಟಿಡಿ ಐಒಗೆ ಬದಲಿಯಾಗಿ ಎಸ್‌ಎಫ್‌ಐಒ ಎಂಬ ಲೈಬ್ರರಿ ಕಟ್ಟಿದ್ದರು. ದಾರಿ ಸವೆದ ದಾರಿಯೇ ಎಂಬ ಧೈರ್ಯ ನನಗಿತ್ತು.

ನಾನು ಮಾಡಿದ್ದು ಹೀಗೆ. ಸ್ಟ್ರೀಮ್ ಎಂಬ ಒಂದೇ ಸ್ಟ್ರಕ್ಟ್. ಅದರಲ್ಲಿ ಓದಿನ ಬಫರ್, ಬರಹದ ಬಫರ್, ಕರ್ನಲ್ ಈಗ ಫೈಲಿನ ಯಾವ ಸ್ಥಾನದಲ್ಲಿದೆ ಎಂಬ ಸಂಖ್ಯೆ, ಕೊನೆಯ ದೋಷ, ಒಂದು ಲಾಕ್. ಕೆಳಗೆ ಐದು ಫಂಕ್ಷನ್ ಪಾಯಿಂಟರ್‌ಗಳು: ಓದು, ಬರೆ, ಸ್ಥಾನ ಬದಲಿಸು, ಮುಚ್ಚು, ನೀನು ಟರ್ಮಿನಲ್ಲೇ ಎಂದು ಕೇಳು. ಫೈಲು, ಪೈಪು (ಒಂದು ಪ್ರೋಗ್ರಾಂನ ಔಟ್‌ಪುಟ್ ಇನ್ನೊಂದಕ್ಕೆ ಹರಿಯುವ ದಾರಿ), ಸಾಕೆಟ್, ಮೆಮೊರಿಯಲ್ಲಿರುವ ಸ್ಟ್ರಿಂಗ್ ಎಲ್ಲವೂ ಈ ಐದನ್ನು ಕೊಟ್ಟರೆ ಸಾಕು, ಬಫರಿನ ಗೊಡವೆ ಅವುಗಳಿಗಿಲ್ಲ. ಭಾಷೆಯ ಉಳಿದ ಭಾಗವೆಲ್ಲ ಸ್ಟ್ರೀಮನ್ನು ಮಾತ್ರ ನೋಡುತ್ತದೆ. ಓದು-ಬರಹದ ಸಿಸ್ಟಂ ಕಾಲ್‌ಗಳನ್ನು (ಕರ್ನಲ್‌ಗೆ ಮಾಡುವ ನೇರ ಕರೆಗಳನ್ನು) ಬೇರೆಲ್ಲಿಂದಲೂ ಕರೆಯುವಂತಿಲ್ಲ ಎಂಬುದನ್ನು ಬಿಲ್ಡ್ ಸಮಯದಲ್ಲೇ ಗ್ರೆಪ್ ಎಂಬ ಪಠ್ಯ ಹುಡುಕುವ ಆಜ್ಞೆ ಹಾಕಿ ತಪಾಸಣೆ ಮಾಡುತ್ತೇನೆ. ಆ ತಪಾಸಣೆ ಇಲ್ಲದಿದ್ದರೆ ಈ ಏರ್ಪಾಡು ಬಹಳ ದಿನ ಉಳಿಯುವುದಿಲ್ಲ.

ಬಫರ್ ಒಂದು ಸಾಕೇ, ಎರಡು ಬೇಕೇ ಎಂದು ಬಹಳ ಯೋಚಿಸಿದೆ. ಫೈಲಿಗೆ ಒಂದು ಸಾಕು: ಯಾವುದೇ ಕ್ಷಣದಲ್ಲಿ ಅದರಲ್ಲಿ ಮುಂಗಡವಾಗಿ ಓದಿಟ್ಟದ್ದು ಇರುತ್ತದೆ, ಇಲ್ಲವೇ ಬರೆಯಲು ಬಾಕಿ ಇರುವುದು ಇರುತ್ತದೆ. ಸಾಕೆಟ್ ಹಾಗಲ್ಲ. ಅಲ್ಲಿ ಬರುವ ಹೊಳೆ, ಹೋಗುವ ಹೊಳೆ ಎರಡೂ ಸ್ವತಂತ್ರ. ಬರೆಯಲು ಹೊರಟಾಗ ಓದಿಟ್ಟದ್ದನ್ನು ಚೆಲ್ಲಿದರೆ ಅದು ಮತ್ತೆ ಸಿಗುವುದಿಲ್ಲ. ಆದ್ದರಿಂದ ಎರಡು ಬಫರ್ ಇಟ್ಟು ಒಂದು ನಿಯಮ ಹಾಕಿದೆ: ಸ್ಥಾನ ಬದಲಿಸಬಲ್ಲ ಸ್ಟ್ರೀಮಿನಲ್ಲಿ ಎರಡೂ ಬಫರ್ ಏಕಕಾಲಕ್ಕೆ ತುಂಬಿರಕೂಡದು. ಡೀಬಗ್ ಬಿಲ್ಡ್‌ನಲ್ಲಿ ಪ್ರತಿ ಕ್ರಿಯೆಯ ಹಿಂದೆ ಮುಂದೆ ಇದನ್ನು ಅಸರ್ಟ್ ಮಾಡುತ್ತೇನೆ, ಎಂದರೆ ನಿಯಮ ಮುರಿದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ.

ಇಡೀ ಕೆಲಸದ ತಿರುಳು ಆ ನಿಯಮದಲ್ಲಿದೆ. ಒಂದು ಉದಾಹರಣೆ ತೆಗೆದುಕೊಳ್ಳಿ. ಓದು-ಬರಹ ಎರಡಕ್ಕೂ ತೆರೆದ ಫೈಲಿನಿಂದ ಪ್ರೋಗ್ರಾಂ ಮೊದಲ ಸಾಲನ್ನು ಓದುತ್ತದೆ. ಸಾಲು 40 ಬೈಟ್ ಇದೆ ಎನ್ನಿ. ನಾವು ಕರ್ನಲ್‌ನಿಂದ ತಂದದ್ದು 8192 ಬೈಟ್. ಪ್ರೋಗ್ರಾಂ ಪ್ರಕಾರ ಅದು ನಿಂತಿರುವುದು 40ರಲ್ಲಿ, ಕರ್ನಲ್ ಪ್ರಕಾರ 8192ರಲ್ಲಿ. ಈಗ ಪ್ರೋಗ್ರಾಂ ಏನಾದರೂ ಬರೆದರೆ? ಹಾಗೇ ಬಿಟ್ಟರೆ ಬರಹ 8192ನೇ ಬೈಟಿನಿಂದ ಶುರುವಾಗಿ ಬೇರೆ ಯಾವುದೋ ದತ್ತಾಂಶವನ್ನು ಅಳಿಸುತ್ತದೆ. ಸಿ ಭಾಷೆಯ ಮಾನಕ ಇದನ್ನು ಪ್ರೋಗ್ರಾಮರ್ ಹೆಗಲಿಗೇ ಹಾಕಿದೆ: ಓದಿಗೂ ಬರಹಕ್ಕೂ ನಡುವೆ ಎಫ್‌ಸೀಕ್ ಥರದ, ಸ್ಥಾನ ಬದಲಿಸುವ ಕರೆ ಇರಲೇಬೇಕು. ನನ್ನ ಭಾಷೆ ಬಳಸುವವರಲ್ಲಿ ಭಾಷಾಶಾಸ್ತ್ರದ ವಿದ್ಯಾರ್ಥಿಗಳಿದ್ದಾರೆ, ಅವರಿಂದ ಇದನ್ನು ನಿರೀಕ್ಷಿಸುವುದು ಸರಿಯಲ್ಲ ಎಂಬುದು ನನ್ನ ನಿಲುವು. ಈಗ ಬರಹದ ದಾರಿಗೆ ಹೊರಳುವ ಮೊದಲು ಸ್ಟ್ರೀಮ್ ತಾನೇ 8152 ಬೈಟ್ ಹಿಂದಕ್ಕೆ ಎಲ್‌ಸೀಕ್ ಮಾಡಿ (ಕರ್ನಲ್ ಸ್ಥಾನವನ್ನು ಸರಿಸಿ) ಓದಿನ ಬಫರನ್ನು ಖಾಲಿ ಮಾಡುತ್ತದೆ. ಸ್ಥಾನ ಎಷ್ಟು ಎಂದು ಕೇಳಿದರೆ ಲೆಕ್ಕ ಸುಲಭ: ಓದುತ್ತಿದ್ದರೆ ಕರ್ನಲ್ ಸ್ಥಾನದಿಂದ ಬಳಸದೆ ಉಳಿದದ್ದನ್ನು ಕಳೆ, ಬರೆಯುತ್ತಿದ್ದರೆ ಬಾಕಿ ಇರುವುದನ್ನು ಕೂಡು. ಅಪೆಂಡ್ ವಿಧಾನದಲ್ಲಿ ಮಾತ್ರ ಈ ಲೆಕ್ಕ ನಡೆಯದು. ಅಲ್ಲಿ ಪ್ರತಿ ಬರಹವೂ ಫೈಲಿನ ಆ ಹೊತ್ತಿನ ಕೊನೆಗೆ ಹೋಗುತ್ತದೆ, ಇನ್ನೊಂದು ಪ್ರೊಸೆಸ್ ನಡುವೆ ಸೇರಿಸಿರಬಹುದು. ಹಾಗಾಗಿ ಫ್ಲಶ್ ಮಾಡಿ, ಎಂದರೆ ಬಾಕಿ ಬರಹವನ್ನೆಲ್ಲ ಕರ್ನಲ್‌ಗೆ ಕೊಟ್ಟು, ಕರ್ನಲ್ಲನ್ನೇ ಕೇಳಬೇಕು.

ಕನ್ನಡದ ವಿಷಯಕ್ಕೆ ಬರೋಣ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್: ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. 'ಕ್ಷ' ಎಂಬಲ್ಲಿ ಕ, ಹಲಂತ, ಷ ಸೇರಿ ಒಂಬತ್ತು ಬೈಟ್. 8192ನ್ನು ಮೂರರಿಂದ ಭಾಗಿಸಿದರೆ ಎರಡು ಉಳಿಯುತ್ತದೆ. ಎಂದರೆ ಬರೀ ಕನ್ನಡ ಅಕ್ಷರಗಳಿರುವ ಫೈಲಿನಲ್ಲಿ ಮೊದಲ ಬಫರಿನ ಕೊನೆಗೇ 2731ನೇ ಸಂಕೇತ ಮುರಿದು ಬೀಳುತ್ತದೆ, ಎರಡು ಬೈಟ್ ಈಚೆ, ಒಂದು ಆಚೆ. ನಡುವೆ ಬರುವ ಖಾಲಿ ಜಾಗಗಳು, ಅಂಕಿಗಳು ಒಂದೊಂದೇ ಬೈಟಿನವಾದ್ದರಿಂದ ನಿಜವಾದ ಪಠ್ಯದಲ್ಲಿ ಗಡಿ ಒಮ್ಮೆ ಹೀಗೆ, ಒಮ್ಮೆ ಹಾಗೆ. ಇಂಗ್ಲಿಷ್ ಪಠ್ಯ ಇಟ್ಟುಕೊಂಡು ಪರೀಕ್ಷೆ ಮಾಡುವವರಿಗೆ ಈ ಗಡಿ ಕಾಣಿಸುವುದೇ ಇಲ್ಲ.

ಮೊದಲಿದ್ದ ಡಿಕೋಡರ್ ಈ ತುಂಡು ಬೈಟ್‌ಗಳನ್ನು ತನ್ನ ಜೇಬಿನಲ್ಲಿ ಇಟ್ಟುಕೊಳ್ಳುತ್ತಿತ್ತು. ಆಗ ಸ್ಥಾನದ ಲೆಕ್ಕ ಎರಡು ಬೈಟ್ ತಪ್ಪುತ್ತದೆ, ಏಕೆಂದರೆ ಸ್ಟ್ರೀಮ್ ಅವನ್ನು ಬಳಕೆಯಾದವು ಎಂದು ಭಾವಿಸಿರುತ್ತದೆ. ಹೊಸ ಏರ್ಪಾಡಿನಲ್ಲಿ ಡಿಕೋಡರ್‌ಗೆ ಸ್ವಂತ ನೆನಪೇ ಇಲ್ಲ. ಅದು ಬಫರಿನೊಳಗೆ ಇಣುಕಿ ನೋಡುತ್ತದೆ. ಪೂರ್ತಿ ಸಂಕೇತ ಸಿಕ್ಕರೆ ಮಾತ್ರ ಬಳಸಿದೆ ಎಂದು ಹೇಳುತ್ತದೆ. ಬಾಲದಲ್ಲಿ ತುಂಡು ಉಳಿದರೆ ಸ್ಟ್ರೀಮ್ ಆ ಒಂದೆರಡು ಬೈಟ್‌ಗಳನ್ನು ಬಫರಿನ ಆರಂಭಕ್ಕೆ ಸರಿಸಿ ಉಳಿದ ಜಾಗವನ್ನು ತುಂಬಿಸುತ್ತದೆ. ಬೈಟ್‌ಗಳು ಬಫರಿನಲ್ಲೇ ಇರುವುದರಿಂದ ಸ್ಥಾನ ತಪ್ಪುವುದಿಲ್ಲ. ಫೈಲು ಮುಗಿದರೂ ತುಂಡು ಉಳಿದಿದ್ದರೆ ಆಗ ಅದು ದೋಷ. ಸಾಲು ಹುಡುಕುವಾಗ ಇನ್ನೊಂದು ಅನುಕೂಲವಿದೆ: ಯುಟಿಎಫ್-8ರ ಬಹುಬೈಟ್ ಸಂಕೇತದೊಳಗೆ 10 ಎಂಬ ಬೈಟ್ ಎಂದೂ ಬರುವುದಿಲ್ಲ. ಆದ್ದರಿಂದ ಡಿಕೋಡ್ ಮಾಡುವ ಮೊದಲೇ ಕಚ್ಚಾ ಬೈಟ್‌ಗಳಲ್ಲಿ ಹೊಸಸಾಲನ್ನು ಹುಡುಕಿ, ಇಡೀ ಸಾಲನ್ನು ಒಮ್ಮೆಗೇ ಪರಿಶೀಲಿಸಬಹುದು. ಅಕ್ಷರ ಅಕ್ಷರವಾಗಿ ಓದುವುದಕ್ಕಿಂತ ಇದು ಎಷ್ಟೋ ಚುರುಕು.

ತುಂಬಿಸುವ ಫಂಕ್ಷನ್ ಒಂದು ಸಲಕ್ಕೆ ಒಂದೇ ರೀಡ್ ಕರೆಯಬೇಕು. ಬಫರ್ ಪೂರ್ತಿ ತುಂಬಲಿ ಎಂದು ಕಾದರೆ ಟರ್ಮಿನಲ್ ಮುಂದೆ ಕೂತವರು ಎಂಟರ್ ಒತ್ತಿ ಸುಮ್ಮನೆ ನೋಡುತ್ತಿರಬೇಕಾಗುತ್ತದೆ.

ಯಾವಾಗ ಫ್ಲಶ್ ಮಾಡಬೇಕು ಎಂಬ ನಿರ್ಧಾರವೂ ಈಗ ಒಂದೇ ಫಂಕ್ಷನ್ನಿನಲ್ಲಿದೆ. ಟರ್ಮಿನಲ್ ಆದರೆ ಸಾಲಿಗೊಮ್ಮೆ, ಫೈಲು ಅಥವಾ ಪೈಪ್ ಆದರೆ ಬಫರ್ ತುಂಬಿದಾಗ, ದೋಷದ ಔಟ್‌ಪುಟ್ ಆದರೆ ಕೂಡಲೇ. ಪದ್ಧತಿ ಹಳೆಯದೇ. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಪ್ರೋಗ್ರಾಂಗಳಿಗಾಗಿ ಒಂದು ಸಂಬಂಧ ಸೇರಿಸಿದೆ: ಸ್ಟ್ಯಾಂಡರ್ಡ್ ಇನ್‌ಪುಟ್‌ನ ಬಫರ್ ಖಾಲಿಯಾಗಿ ಕರ್ನಲ್ ಬಳಿ ಹೋಗಬೇಕಾದಾಗ ಮೊದಲು ಸ್ಟ್ಯಾಂಡರ್ಡ್ ಔಟ್‌ಪುಟ್ ಫ್ಲಶ್ ಆಗುತ್ತದೆ. ಪ್ರತಿ ಓದಿಗೂ ಅಲ್ಲ, ತುಂಬಿಸುವಾಗ ಮಾತ್ರ. ಬಫರಿನಲ್ಲಿ ಇನ್ನೂ ಸಾಲುಗಳಿದ್ದರೆ ಯಾರೂ ಕಾಯುತ್ತಿಲ್ಲ ಎಂದರ್ಥ. ಈ ವ್ಯತ್ಯಾಸ ಚಿಕ್ಕದಾಗಿ ಕಾಣುತ್ತದೆ; ಪೈಪಿನಿಂದ ಲಕ್ಷಗಟ್ಟಲೆ ಸಾಲು ಓದಿ ಬರೆಯುವ ಪ್ರೋಗ್ರಾಂನಲ್ಲಿ ಸಾಲಿಗೊಂದು ಸಿಸ್ಟಂ ಕಾಲ್ ಉಳಿತಾಯವಾಗುವುದು ಇದರಿಂದಲೇ.

ಎಸ್‌ಟಿಡಿ ಐಒ ಬಿಟ್ಟದ್ದರಿಂದ ಕಳೆದುಕೊಂಡದ್ದೂ ಇದೆ. ಗ್ನೂ ಕೋರ್‌ಯುಟಿಲ್ಸ್‌ನ ಎಸ್‌ಟಿಡಿ ಬಫ್ ಆಜ್ಞೆ ಹೊರಗಿನಿಂದ ಬಫರಿಂಗ್ ಬದಲಿಸುವುದು ಒಂದು ಲೈಬ್ರರಿಯನ್ನು ಮೊದಲೇ ಲೋಡ್ ಮಾಡಿ ಸಿ ಸ್ಟ್ರೀಮ್‌ಗಳಿಗೆ ಸೆಟ್‌ವಿಬಫ್ ಕರೆಯುವ ಮೂಲಕ. ನಮ್ಮ ಸ್ಟ್ರೀಮ್‌ಗಳ ಮೇಲೆ ಅದು ನಡೆಯುವುದಿಲ್ಲ. ಬದಲಿಗೆ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಕೊಟ್ಟಿದ್ದೇನೆ.

ದೋಷಗಳ ವಿಚಾರದಲ್ಲಿ ನಾನು ಕಟ್ಟುನಿಟ್ಟು. ಬಫರ್ ಎಂದರೆ ದೋಷ ತಡವಾಗಿ ಬರುತ್ತದೆ ಎಂದೇ ಲೆಕ್ಕ: ಪ್ರಿಂಟ್ ಯಶಸ್ವಿಯಾಗುತ್ತದೆ, ಡಿಸ್ಕ್ ತುಂಬಿದೆ ಎಂಬುದು ಫ್ಲಶ್ ಹೊತ್ತಿಗೆ ತಿಳಿಯುತ್ತದೆ, ಅದೂ ಪ್ರೋಗ್ರಾಂ ಮುಗಿಯುವಾಗ. ಆ ಕೊನೆಯ ದೋಷವನ್ನು ನುಂಗಿಬಿಟ್ಟರೆ ಬಳಕೆದಾರನ ಕೈಗೆ ಅರ್ಧ ಫೈಲು ಬರುತ್ತದೆ, ಜೊತೆಗೆ ಪ್ರೋಗ್ರಾಂ ಮುಗಿಯುವಾಗ ಕೊಡುವ ಸಂಖ್ಯೆಯಾಗಿ ಯಶಸ್ಸಿನ ಸೊನ್ನೆ. ಲಿನಕ್ಸ್‌ನಲ್ಲಿ ಇದನ್ನು ಪರೀಕ್ಷಿಸಲು ಡೆವ್ ಡೈರೆಕ್ಟರಿಯಲ್ಲಿ ಫುಲ್ ಎಂಬ ಸಾಧನವಿದೆ. ಅದಕ್ಕೆ ಏನು ಬರೆದರೂ ಜಾಗವಿಲ್ಲ ಎಂಬ ದೋಷವೇ ಸಿಗುತ್ತದೆ. ಒಂದೇ ಸಾಲು ಬರೆದು ಮುಗಿಯುವ ಪ್ರೋಗ್ರಾಂನ ಔಟ್‌ಪುಟ್ಟನ್ನು ಅಲ್ಲಿಗೆ ತಿರುಗಿಸಿ, ಮುಗಿಯುವಾಗ ಅದು ಕೊಡುವ ಸಂಖ್ಯೆ ಸೊನ್ನೆಯಾಗಿರಬಾರದು ಎಂದು ನೋಡಬೇಕು. ಪೈಥಾನ್ 3.6ರಿಂದ ಇಂಥ ಸಂದರ್ಭಕ್ಕೆ 120 ಎಂಬ ಸಂಖ್ಯೆಯೇ ಇದೆ. ನಿಮ್ಮ ಇಷ್ಟದ ಭಾಷೆಯಲ್ಲಿ ಒಮ್ಮೆ ಮಾಡಿ ನೋಡಿ. ರೈಟ್ ಕೇಳಿದ್ದಕ್ಕಿಂತ ಕಡಿಮೆ ಬರೆಯುವುದು, ಸಿಗ್ನಲ್ ಬಂದು ನಡುವೆ ನಿಲ್ಲುವುದು ಇವೆಲ್ಲ ಈಗ ಒಂದೇ ಲೂಪಿನಲ್ಲಿವೆ.

ಪ್ರೋಗ್ರಾಂ ಮುಗಿಯುವಾಗ ಇದೆಲ್ಲ ನಡೆಯಬೇಕಾದರೆ ತೆರೆದ ಸ್ಟ್ರೀಮ್‌ಗಳ ಪಟ್ಟಿಯೊಂದು ಬೇಕು. ಬಳಕೆ ಮುಗಿದ ಮೆಮೊರಿಯನ್ನು ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ತನಗೆ ತೋಚಿದ ಕ್ರಮದಲ್ಲಿ ವಸ್ತುಗಳನ್ನು ಗುಡಿಸುತ್ತದೆ, ಅದರ ಕೈಯಲ್ಲಿ ಫ್ಲಶ್ ಬಿಡುವಂತಿಲ್ಲ. ಪಟ್ಟಿಯನ್ನು ಮೊದಲು ನಡೆದು ಬಾಕಿಯನ್ನೆಲ್ಲ ಬರೆದು, ಆಮೇಲೆ ಉಳಿದ ಕಸ ಗುಡಿಸುವುದು.

ಅದೇ ಪಟ್ಟಿ ಫೋರ್ಕ್ ಮಾಡುವಾಗಲೂ, ಎಂದರೆ ಪ್ರೊಸೆಸ್ ತನ್ನದೇ ಪ್ರತಿಯಾದ ಮಗು ಪ್ರೊಸೆಸ್ಸನ್ನು ಹುಟ್ಟಿಸುವಾಗಲೂ, ಕೈಹಿಡಿಯಿತು. ಬಾಕಿ ಇರುವ ಬಫರಿನೊಡನೆ ಫೋರ್ಕ್ ಮಾಡಿದರೆ ಮಗುವಿಗೂ ಅದರ ಪ್ರತಿ ಹೋಗುತ್ತದೆ, ಇಬ್ಬರೂ ಮುಗಿಯುವಾಗ ಫ್ಲಶ್ ಮಾಡಿ ಅದೇ ಪಠ್ಯ ಎರಡು ಬಾರಿ ಬರುತ್ತದೆ. ಟರ್ಮಿನಲ್‌ನಲ್ಲಿ ಸಾಲಿಗೊಮ್ಮೆ ಫ್ಲಶ್ ಆಗುವುದರಿಂದ ಅಲ್ಲಿ ಕಾಣದು, ಫೈಲಿಗೆ ತಿರುಗಿಸಿದಾಗ ಮಾತ್ರ ಕಾಣುತ್ತದೆ. ಫೋರ್ಕ್‌ಗೆ ಮುಂಚೆ ಎಲ್ಲ ಬರಹದ ಬಫರ್ ಖಾಲಿ ಮಾಡಿದರೆ ಅದು ತೀರಿತು. ಓದಿನ ಬದಿ ಅಷ್ಟು ಸಲೀಸಲ್ಲ. ನಾವು 8192 ಬೈಟ್ ಮುಂದೆ ಓದಿಟ್ಟಿರುತ್ತೇವೆ. ಅದೇ ಸ್ಟ್ಯಾಂಡರ್ಡ್ ಇನ್‌ಪುಟ್ಟನ್ನು ಪಡೆದ ಹೊಸ ಪ್ರೋಗ್ರಾಂಗೆ ಆ ಸಾಲುಗಳು ಸಿಗುವುದಿಲ್ಲ. ಫೈಲಾದರೆ ಬಳಸದೆ ಉಳಿದಷ್ಟು ಹಿಂದಕ್ಕೆ ಸರಿಸಬಹುದು, ಪೈಪಾದರೆ ಹಿಂದಕ್ಕೆ ದಾರಿಯಿಲ್ಲ. ಬ್ಯಾಶ್ ಎಂಬ ಶೆಲ್ಲಿನ ರೀಡ್ ಆಜ್ಞೆ ಪೈಪಿನಿಂದ ಒಂದೊಂದೇ ಬೈಟ್ ಓದುವುದು ಇದೇ ಕಾರಣಕ್ಕೆ. ಅಷ್ಟು ನಿಧಾನವನ್ನು ಎಲ್ಲರ ಮೇಲೂ ಹೇರಲು ನನಗೆ ಮನಸ್ಸಿಲ್ಲ. ಬೇಕಾದವರು ಸ್ಟ್ರೀಮನ್ನು ಬಫರಿಲ್ಲದ ವಿಧಾನಕ್ಕೆ ತಿರುಗಿಸಿಕೊಳ್ಳಬಹುದು.

ಹೊರಗಿನ ಸಿ ಲೈಬ್ರರಿಗಳು ನೇರವಾಗಿ ಪ್ರಿಂಟ್‌ಎಫ್ ಕರೆಯುತ್ತವೆ, ಅವುಗಳನ್ನು ತಡೆಯಲಾಗದು. ರನ್‌ಟೈಮ್ ಶುರುವಾಗುವಾಗಲೇ ಸಿಯ ಸ್ಟ್ಯಾಂಡರ್ಡ್ ಔಟ್‌ಪುಟ್ ಸ್ಟ್ರೀಮನ್ನು ಬಫರಿಲ್ಲದಂತೆ ಮಾಡುತ್ತೇನೆ, ಹೊರಗಿನ ಫಂಕ್ಷನ್ ಕರೆಯುವ ಮೊದಲು ನಮ್ಮದನ್ನು ಫ್ಲಶ್ ಮಾಡುತ್ತೇನೆ. ಹೀಗೆ ಬರಹದ ಕ್ರಮ ಉಳಿಯುತ್ತದೆ. ಪದೇ ಪದೇ ಹೊರಗೆ ಹೋಗಿಬರುವ ಪ್ರೋಗ್ರಾಂಗಳಿಗೆ ಸ್ವಲ್ಪ ಭಾರ, ಒಪ್ಪಿಕೊಂಡಿದ್ದೇನೆ.

ವೇಗದ ಬಗ್ಗೆ ಒಂದು ಮಾತು. ಬಫರ್ 8192 ಬೈಟ್ ಇಟ್ಟಿದ್ದೇನೆ, 1 ಎಂಬಿ ಬರೆಯಲು 128 ರೈಟ್ ಕರೆಗಳು ಸಾಕು, ಸಿಸ್ಟಂ ಕಾಲ್‌ಗಳನ್ನು ತೋರಿಸುವ ಸ್ಟ್ರೇಸ್ ಹಾಕಿದರೆ ಅಷ್ಟೇ ಕಾಣಬೇಕು. ಬಫರಿಗಿಂತ ದೊಡ್ಡ ತುಂಡು ಬಂದರೆ ಬಾಕಿಯನ್ನು ಮೊದಲು ಬರೆದು ಅದನ್ನು ನಕಲು ಮಾಡದೆ ನೇರ ಕರ್ನಲ್‌ಗೆ ಕೊಡುತ್ತೇನೆ. ಪ್ರಿಂಟ್‌ಗೆ ಎಷ್ಟೇ ಆರ್ಗ್ಯುಮೆಂಟ್ ಇದ್ದರೂ ಲಾಕ್ ಹಿಡಿಯುವುದು ಒಮ್ಮೆ; ಎರಡು ಥ್ರೆಡ್‌ಗಳ ಸಾಲುಗಳು ಒಂದರೊಳಗೊಂದು ಹೊಕ್ಕುವುದೂ ಇದರಿಂದ ನಿಂತಿತು.

ಉಳಿದಿರುವುದು ಕಾಯದೆ ಮರಳುವ ಸಾಕೆಟ್‌ಗಳ ಕೆಲಸ. ಅಲ್ಲಿ ಫ್ಲಶ್ ಎಂಬುದು ಅರ್ಧಕ್ಕೆ ನಿಂತು, ಈಗ ಆಗದು ಎಂದು ಕರ್ನಲ್ ಹೇಳಬಹುದು. ಬಾಕಿ ಬೈಟ್‌ಗಳನ್ನು ಬಫರಿನಲ್ಲೇ ಉಳಿಸಿ, ಸಾಕೆಟ್ ಮತ್ತೆ ಸಿದ್ಧವಾದಾಗ ಮುಂದುವರಿಸಲು ಇವೆಂಟ್ ಲೂಪಿಗೆ (ಯಾವ ಸಾಕೆಟ್ ಸಿದ್ಧ ಎಂದು ಕಾದು ನೋಡುವ ಲೂಪಿಗೆ) ಒಪ್ಪಿಸಬೇಕು. ಸ್ಟ್ರೀಮಿನಲ್ಲಿ ಅದಕ್ಕೆ ಬೇಕಾದ ಲೆಕ್ಕವೆಲ್ಲ ಆಗಲೇ ಇದೆ. ಈಗ ಬರೆಯುತ್ತಿರುವುದು ಲೂಪಿನ ಕಡೆಯ ಕೋಡ್.