ಬೆಂಕಿಪೊಟ್ಟಣದಷ್ಟು ಪ್ಲೇಯರ್, ಕಿವಿ ತುಂಬ ತಂಬೂರಿ

"ಬೆಂಕಿಪೊಟ್ಟಣದಷ್ಟೈತಿ, ಇದರಾಗ ಏನ್ ಕೇಳ್ತೀಯೋ?" ಅಂದಿದ್ದರು ಭಾವ. ದೀಪಾವಳಿಗೆ ಧಾರವಾಡಕ್ಕೆ ಹೋದಾಗಿನ ಮಾತು. ಅವರ ಕೈಯಲ್ಲಿದ್ದದ್ದು 40 ಸಾವಿರದ ಮ್ಯೂಸಿಕ್ ಪ್ಲೇಯರ್. ನನ್ನದು ಸ್ಯಾನ್‌ಡಿಸ್ಕ್ ಕಂಪನಿಯ ಸೆಕೆಂಡ್ ಹ್ಯಾಂಡ್ ಸ್ಯಾನ್ಸಾ ಕ್ಲಿಪ್ ಪ್ಲಸ್, 2009ರ ಮಾಡೆಲ್. ಯುಗಾದಿಗೆ ಮತ್ತೆ ಅದೇ ಮನೆಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿಸಿದೆ. ಆದದ್ದನ್ನು ಮುಂದೆ ಹೇಳುತ್ತೇನೆ. ಅಲ್ಲಿಗೆ ಮುಟ್ಟಲು ನನಗೆ ಸುಮಾರು ಎರಡು ವರ್ಷ ಹಿಡಿಯಿತು, ದುಡ್ಡೂ ಸಾಕಷ್ಟು ಹೋಯಿತು.

ಮೊದಲ ಪೆಟ್ಟು 18 ಸಾವಿರದ್ದು. ದೊಡ್ಡ ಟಚ್ ಸ್ಕ್ರೀನ್, ಡಬ್ಬದ ಮೇಲೆ ಹೈ-ರೆಸ್ ಚಿನ್ನದ ಸ್ಟಿಕರ್. ಅಂಗಡಿಯಲ್ಲಿ ಐದು ನಿಮಿಷ ಕೇಳಿ ತಗೊಂಡೆ. ರಸ್ತೆ ಗದ್ದಲದಲ್ಲಿ ಎಲ್ಲವೂ ಚೆನ್ನಾಗೇ ಕೇಳುತ್ತದೆ ಅಲ್ವಾ? ರಾತ್ರಿ ಮನೆಯಲ್ಲಿ ಮಲ್ಲಿಕಾರ್ಜುನ ಮನ್ಸೂರರನ್ನು ಹಾಕಿದೆ. ತಂಬೂರಿ ಶುರುವಾಗುವ ಮೊದಲೇ ಕಿವಿಯಲ್ಲಿ ಸುಯ್ ಅನ್ನುವ ಸದ್ದು. ಪಾಜ್ ಒತ್ತಿದರೆ ನಿಲ್ಲುತ್ತಿತ್ತು, ಪ್ಲೇ ಒತ್ತಿದರೆ ಮತ್ತೆ ಬರುತ್ತಿತ್ತು. ಅಂದಿನಿಂದ ಯಾವ ಪ್ಲೇಯರ್ ನೋಡಲು ಹೋದರೂ ಒಂದು ನಿಮಿಷದ ಖಾಲಿ ಫೈಲ್ ಕಾರ್ಡಿನಲ್ಲಿ ಒಯ್ಯುತ್ತೇನೆ. ಪಾಜ್ ಮಾಡಿ ಕೇಳಬೇಡಿ. ಆಗ ಆಂಪ್ಲಿಫೈಯರ್ರೇ ಮಲಗಿಬಿಡಬಹುದು. ಖಾಲಿ ಫೈಲ್ ಓಡಿಸಿ ಕೇಳಿ. ಆ ಪ್ಲೇಯರ್ ಮುಂದೊಂದು ದಿನ 11 ಸಾವಿರಕ್ಕೆ ಹೋಯಿತು.

ಎರಡನೆಯದು ಹಳೆಯ ಐಪಾಡ್, 2005ರ ಐದನೇ ತಲೆಮಾರಿನದು. ಅದರೊಳಗೆ ಫೈಲನ್ನು ಸದ್ದಾಗಿಸುವ ವುಲ್ಫ್‌ಸನ್ ಚಿಪ್ ಕೇಳಿಯೇ ತೀರಬೇಕು ಅಂತ 3,500 ಕೊಟ್ಟೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಡಿ ಕಾರ್ಡ್ ಕೂರಿಸುವ ಬೋರ್ಡಿಗೆ ಇನ್ನೊಂದು 3,000. ಹಿಂಬದಿ ತಗಡು ಬಿಡಿಸುವಾಗ ಬ್ಯಾಟರಿಯ ತೆಳು ರಿಬ್ಬನ್ ನನ್ನ ಕೈಯಲ್ಲೇ ಹರಿಯಿತು. ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ ಬೆಸೆದುಕೊಟ್ಟರು. ಆ ಅಂಗಡಿ ಯಾವುದು ಅಂತ ಮಾತ್ರ ಹೇಳುವುದಿಲ್ಲ, ಈಗಲೇ ಅಲ್ಲಿ ಸಾಲು ಉದ್ದ ಇದೆ. ಸದ್ದು ನಿಜಕ್ಕೂ ಚೆನ್ನಾಗಿತ್ತು. ಆದರೆ ಆಫೀಸ್ ಬಸ್ಸಿನಲ್ಲಿ ಅಂಗಿ ಜೇಬಿಗೆ ಭಾರ. ಈಗ ಅದು ಮನೆಯ ಸ್ಪೀಕರಿಗೆ ಜೋಡಿಸಿ ಕೂತಿದೆ.

ನಡುವೆ ಒಂದು ನಕಲಿ ಕಾರ್ಡ್. 128 ಜಿಬಿ ಅಂತ ಬರೆದಿತ್ತು, 700 ರೂಪಾಯಿ. 8 ಜಿಬಿ ತುಂಬಿದ ಮೇಲೆ ಹಾಕಿದ ಹಾಡೆಲ್ಲ ಹೆಸರು ಮಾತ್ರ ಉಳಿದು ಒಳಗೆ ಏನೂ ಇಲ್ಲ. ಈಗ ಯಾವ ಕಾರ್ಡ್ ಬಂದರೂ ಮೊದಲು ಪೂರ್ತಿ ತುಂಬಿಸಿ, ಮತ್ತೆ ಓದಿಸಿ ನೋಡುತ್ತೇನೆ. ಒಂದು ಸಂಜೆ ಹೋಗುತ್ತದೆ, ಹೋಗಲಿ.

ಇಷ್ಟೆಲ್ಲ ಆದ ಮೇಲೆ ಜಾಹೀರಾತು ಓದುವುದು ಬಿಟ್ಟು ಅಳೆಯಲು ಶುರು ಮಾಡಿದೆ. ಬೇಕಾದದ್ದು ಎಸಿ ಮಿಲಿವೋಲ್ಟ್ ತೋರಿಸುವ ಒಂದು ಅಗ್ಗದ ಮಲ್ಟಿಮೀಟರ್, ಇಯರ್‌ಫೋನ್ ಬದಲಿಗೆ ಜೋಡಿಸಲು 15 ಓಮ್‌ನ ಒಂದು ರೆಸಿಸ್ಟರ್, 200 ಹರ್ಟ್ಸ್‌ನ ಒಂದು ಟೋನ್ ಫೈಲ್. 1000 ಹರ್ಟ್ಸ್ ಬೇಡ, ಅಗ್ಗದ ಮೀಟರ್ ಅಲ್ಲಿ ತಪ್ಪು ತೋರಿಸಬಹುದು. ಏನೂ ಜೋಡಿಸದೆ 300 ಮಿಲಿವೋಲ್ಟ್ ಬರುವಷ್ಟು ವಾಲ್ಯೂಮ್ ಇಟ್ಟೆ. ರೆಸಿಸ್ಟರ್ ಜೋಡಿಸಿದ ಕೂಡಲೇ ಆ 18 ಸಾವಿರದ್ದು 180ಕ್ಕೆ ಕುಸಿದಿತ್ತು. ಅಂದರೆ ಒಳಗೇ 10 ಓಮ್ ತಡೆ ಕೂತಿದೆ. ನನ್ನ ಇಯರ್‌ಫೋನ್ 16 ಓಮ್‌ನದು, ಒಳಗೆ ಸದ್ದು ಹೊರಡಿಸುವ ಮೂರು ಪುಟ್ಟ ಡ್ರೈವರ್. ಪ್ಲೇಯರ್ ಒಳಗೇ ಇಷ್ಟು ತಡೆ ಇದ್ದರೆ ಅಂಥದ್ದರ ಸ್ವರದ ತೂಕವೇ ಬದಲಾಗುತ್ತದೆ. ತಬಲಾದ ಡಗ್ಗಾ ಒಂದು ಕಡೆ, ತಂಬೂರಿಯ ಜವಾರಿ, ಅಂದರೆ ತಂತಿಯ ಝೇಂಕಾರ, ಇನ್ನೊಂದು ಕಡೆ. ಕ್ಲಿಪ್ ಪ್ಲಸ್ 300ರಿಂದ 281ಕ್ಕೆ ಇಳಿಯಿತು, ಅಷ್ಟೇ. ಲೆಕ್ಕ ಹಾಕಿ, ಸುಮಾರು 1 ಓಮ್. ಮೀಟರ್ ಅಂಕಿ ನೋಡಿಯೇ ತಗೊಳ್ಳಬೇಕು ಅಂತಲ್ಲ, ಆದರೆ ನನಗೆ ಅದಾದ ಮೇಲೆ ಅನುಮಾನ ಉಳಿಯಲಿಲ್ಲ. ಕ್ಲಿಪ್ ಪ್ಲಸ್ಸನ್ನೇ 2,500ಕ್ಕೆ ತಗೊಂಡೆ.

ಅದಕ್ಕೆ ಪ್ಲೇಯರ್ ನಡೆಸುವ ಉಚಿತ ಸಾಫ್ಟ್‌ವೇರ್ ರಾಕ್‌ಬಾಕ್ಸ್ ಹಾಕಿದೆ. 64 ಜಿಬಿ ಕಾರ್ಡನ್ನು ಫ್ಯಾಟ್32 ಎಂಬ ಹಳೆಯ ಮಾದರಿಗೆ ಫಾರ್ಮ್ಯಾಟ್ ಮಾಡಿದೆ. ಹಾಗೇ ಹಾಕಿದರೆ ಓದುವುದಿಲ್ಲ, ಅಲ್ಲೇ ಅರ್ಧ ಜನ ಕೈಬಿಡುತ್ತಾರೆ. ಡೇಟಾಬೇಸ್ ಗೋಜಿಗೆ ಹೋಗಬೇಡಿ, ಫೋಲ್ಡರ್‌ನಿಂದಲೇ ಹಾಡಿಸಿ ಕೇಳಿ. ಫೈಲಿನ ಹೆಸರು ಕನ್ನಡದಲ್ಲಿಟ್ಟರೆ ಒತ್ತಕ್ಷರ ಚೆಲ್ಲಾಪಿಲ್ಲಿ, ಹಾಗಾಗಿ ಇಂಗ್ಲಿಷ್ ಅಕ್ಷರವೇ ಗತಿ. ನಿಧಾನದ ವಿಲಂಬಿತ್ ಮುಗಿದು ವೇಗದ ದ್ರುತ್ ಬೇರೆ ಟ್ರ್ಯಾಕಿನಲ್ಲಿ ಶುರುವಾದರೂ ನಡುವೆ ತಂಬೂರಿ ಕಡಿಯುವುದಿಲ್ಲ. ಈ ಒಂದಕ್ಕೇ ನಾನು ರಾಕ್‌ಬಾಕ್ಸ್‌ಗೆ ಸೋತೆ. ಎಡ-ಬಲ ಕಿವಿಯ ಸದ್ದನ್ನು ಒಂದಕ್ಕೊಂದು ಚೂರು ಬೆರೆಸುವ ಕ್ರಾಸ್‌ಫೀಡ್ ಕೂಡ ಹಾಕಿಕೊಂಡಿದ್ದೇನೆ, ಅದರ ಸೆಟ್ಟಿಂಗ್ ಅಂಕಿಗಳನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಇದೇ ಹುಮ್ಮಸ್ಸಿನಲ್ಲಿ ಅಪ್ಪನ ಕ್ಯಾಸೆಟ್‌ಗಳನ್ನೂ ಕಂಪ್ಯೂಟರಿಗೆ ಇಳಿಸಿದೆ. ರೇಡಿಯೋದಿಂದ ಅಪ್ಪನೇ ತುಂಬಿಸಿಕೊಂಡಿದ್ದ ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು. ಒಂದೇ ಕ್ಯಾಸೆಟ್ಟನ್ನು 24 ಬಿಟ್ 96 ಕಿಲೋಹರ್ಟ್ಸ್‌ನಲ್ಲೊಮ್ಮೆ, ಸಿಡಿಯ 16 ಬಿಟ್ 44.1ರಲ್ಲೊಮ್ಮೆ. ಒಂದು ಚೂರೂ ವ್ಯತ್ಯಾಸ ಕೇಳಲಿಲ್ಲ, ಜಾಗ ಮಾತ್ರ ಮೂರು ಪಟ್ಟು. ಆ ಸಣ್ಣ ವ್ಯತ್ಯಾಸಕ್ಕಿಂತ ಟೇಪಿನ ಸುಯ್ಯೇ ಜೋರಾಗಿರುತ್ತದೆ. 128 ಕೆಬಿಪಿಎಸ್‌ನ ಎಂಪಿ3ಯನ್ನು ಮಾತ್ರ 20ರಲ್ಲಿ 17 ಸಲ ಹಿಡಿದೆ. ತಬಲಾದ 'ನಾ' ಪೆಟ್ಟು ಬೀಳುವ ಮೊದಲೇ ಒಂದು ಚೂರು ಮಸುಕು ಬರುತ್ತದೆ, ಒಮ್ಮೆ ಗೊತ್ತಾದರೆ ಮರೆಯುವುದಿಲ್ಲ. 320ರಲ್ಲಿ 11 ಸಲ, ಅದು ಊಹೆಯಷ್ಟೇ. ಕಾರ್ಡಿನಲ್ಲಿ ಜಾಗ ಇರುವುದರಿಂದ, ಏನನ್ನೂ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ಹಾಕಿದ್ದೇನೆ, ಒಂದು ಸಿಡಿಗೆ ಸುಮಾರು 300 ಎಂಬಿ.

ಯುಗಾದಿಯ ದಿನ ಊಟ ಆದ ಮೇಲೆ ಅಕ್ಕನನ್ನು ಬಾಗಿಲ ಹಿಂದೆ ಕೂರಿಸಿದೆ. ಎರಡೂ ಪ್ಲೇಯರ್ ಅವಳ ಹತ್ತಿರ, ಇಯರ್‌ಫೋನಿನ ವೈರು ಬಾಗಿಲ ಸಂದಿಯಿಂದ ಭಾವನ ಕಿವಿಗೆ. ಸ್ಪ್ಲಿಟರ್ ಹಾಕಿ, ಇಯರ್‌ಫೋನ್ ಜೋಡಿಸಿಟ್ಟೇ, ಎರಡರ ವೋಲ್ಟೇಜೂ ಒಂದೇ ಬರುವಂತೆ ಮಾಡಿದ್ದೆ. ಇದನ್ನು ಬಿಟ್ಟರೆ ಉಳಿದ ಪರೀಕ್ಷೆಗೆ ಬೆಲೆಯೇ ಇಲ್ಲ. ಒಂದು ಡೆಸಿಬಲ್ ಜಾಸ್ತಿ ಇದ್ದದ್ದೇ ಸಾಮಾನ್ಯವಾಗಿ ಚೆನ್ನಾಗಿ ಕೇಳುತ್ತದೆ. ಮೂರು ತುಣುಕು ಹಾಕಿದೆ: ಮನ್ಸೂರರ ತಂಬೂರಿ, ಒಂದು ವೀಣೆ, ಮೂರನೆಯದು ನನ್ನ ಗುಟ್ಟು. ಹತ್ತು ಸುತ್ತಿನಲ್ಲಿ ಭಾವ ತಮ್ಮ ಪ್ಲೇಯರನ್ನು ಗುರುತಿಸಿದ್ದು ಐದು ಸಲ. ಏಳನೇ ಸುತ್ತಿನಲ್ಲಿ ಕಣ್ಣು ಮುಚ್ಚಿಕೊಂಡು, "ಇದು ನಂದ, ಬರೋಬ್ಬರಿ ನಂದ" ಅಂದರು. ಅಕ್ಕ ಬಾಗಿಲು ತೆಗೆದು ಬೆಂಕಿಪೊಟ್ಟಣ ಎತ್ತಿ ತೋರಿಸಿದಳು.

ಒಂದು ಮಾತು ಹೇಳಲೇಬೇಕು. 250, 300 ಓಮ್‌ನ ದೊಡ್ಡ ಹೆಡ್‌ಫೋನಿಗೆ ಇದರ ಶಕ್ತಿ ಸಾಲುವುದಿಲ್ಲ, ಅಲ್ಲಿ ಭಾವನದ್ದೇ ಮೇಲು. ನನ್ನ ಖರ್ಚು ಪ್ಲೇಯರ್, ಕಾರ್ಡ್, 1,800ರ ಇಯರ್‌ಫೋನ್, ಮೀಟರ್ ಎಲ್ಲ ಸೇರಿ ಐದು ಸಾವಿರದ ಮೇಲೆ ಸ್ವಲ್ಪ. ಮಾರನೇ ದಿನ ಬಸ್ ಹತ್ತಿಸಲು ಬಂದ ಭಾವ, "ನನಗೂ ಅಂಥಾದ್ದೊಂದು ನೋಡೋ, ವಾಕಿಂಗಿಗೆ ಆಗ್ತದ" ಅಂದರು. ಹುಡುಕುತ್ತಿದ್ದೇನೆ. ಬ್ಯಾಟರಿ ಹತ್ತು ತಾಸು ಬರುವಂಥದ್ದು ಇನ್ನೂ ಸಿಕ್ಕಿಲ್ಲ.