ಹೈಬ್ರಿಡ್ ಕಾರಿಗೆ ಪಿಕಪ್ ಸಾಲುತ್ತಿಲ್ಲವೇ? ಮೊದಲು ಬ್ಯಾಟರಿಯನ್ನು ವಿಚಾರಿಸಿ

ಪೆಡಲನ್ನು ಪೂರ್ತಿ ಒತ್ತಿದರೆ ಎಂಜಿನ್ ಅರಚಿಕೊಳ್ಳುತ್ತದೆ, ಗಾಡಿ ಮಾತ್ರ ಏನೂ ಆಗಿಲ್ಲವೆಂಬಂತೆ ತನ್ನ ಪಾಡಿಗೆ ಹೋಗುತ್ತದೆ. ಸಣ್ಣ ಎಂಜಿನ್ನಿನ ಜೊತೆ ವಿದ್ಯುತ್ ಮೋಟರೂ ಇರುವ ಹೈಬ್ರಿಡ್ ಓಡಿಸುವವರ ದೂರು ಇದೇ. ಇದರಲ್ಲಿ ಎರಡು ಬಗೆಯಿದೆ. ಕೊಂಡ ದಿನದಿಂದ ಹೀಗೇ ಇದೆ ಎನ್ನುವುದು ಒಂದು, ಮೊದಲು ಚೆನ್ನಾಗಿತ್ತು ಈಚೆಗೆ ಸೊರಗಿದೆ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಮದ್ದಿದೆ. ಮೊದಲನೆಯದಕ್ಕೆ ಓಡಿಸುವ ರೀತಿಯಿಂದಲೂ ಟೈರಿನಿಂದಲೂ ಅಷ್ಟಿಷ್ಟು ಗಿಟ್ಟಿಸಿಕೊಳ್ಳಬಹುದು, ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬಾರದು.

ಶಕ್ತಿಯ ಲೆಕ್ಕ

2003ರಿಂದ 2009ರವರೆಗೆ ಬಂದ ಎರಡನೇ ತಲೆಮಾರಿನ ಟೊಯೊಟಾ ಪ್ರಿಯಸ್ ನೋಡಿ. ಎಂಜಿನ್ 57 ಕಿಲೋವ್ಯಾಟ್, ಮೋಟರ್ 50 ಕಿಲೋವ್ಯಾಟ್. ಕೂಡಿದರೆ 107. ಆದರೆ ಕಂಪನಿ ಕೊಡುವ ಒಟ್ಟು ಅಂಕಿ 82. ಮೋಟರ್ ಎಷ್ಟೇ ದೊಡ್ಡದಿರಲಿ, ಬ್ಯಾಟರಿಯಿಂದ ಬರುವುದು 25 ಕಿಲೋವ್ಯಾಟ್ ಮಾತ್ರ. ಮೋಟರಿಗೆ ಬೇಕಾದ ಉಳಿದ ವಿದ್ಯುತ್ತನ್ನು ಎಂಜಿನ್ನೇ ಜನರೇಟರ್ ತಿರುಗಿಸಿ ಒದಗಿಸುತ್ತದೆ. ಮೂರನೇ ತಲೆಮಾರಿನಲ್ಲಿ ಎಂಜಿನ್ 73, ಒಟ್ಟು 100. ಅಲ್ಲೂ ಬ್ಯಾಟರಿಯ ಪಾಲು 27.

ಅಂದರೆ ಒಟ್ಟು ಶಕ್ತಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಬರುವುದು ಬ್ಯಾಟರಿಯಿಂದ. ಅದು ಕೈಕೊಟ್ಟ ದಿನ ಕಾರು ಬರಿಯ ಸಣ್ಣ ಎಂಜಿನ್ನಿನ ಗಾಡಿ, ಜೊತೆಗೆ ಬ್ಯಾಟರಿ ಮೋಟರುಗಳ ಭಾರ ಬೇರೆ.

ಇನ್ನೊಂದು ಲೆಕ್ಕ. ಆ ಎರಡನೇ ತಲೆಮಾರಿನ ಪ್ರಿಯಸ್ಸಿನ ಬ್ಯಾಟರಿ ಪ್ಯಾಕ್ 201.6 ವೋಲ್ಟ್, 6.5 ಆಂಪಿಯರ್-ಗಂಟೆ, ಅಂದರೆ ಸುಮಾರು 1.3 ಯೂನಿಟ್. ಕಂಪ್ಯೂಟರ್ ಅದನ್ನು ಹೆಚ್ಚುಕಡಿಮೆ ಶೇ 40ರಿಂದ 80ರ ನಡುವೆ ಇಟ್ಟುಕೊಳ್ಳುತ್ತದೆ, ಸಾಮಾನ್ಯವಾಗಿ 60ರ ಆಸುಪಾಸಿನಲ್ಲಿ. 60ರಿಂದ 40ಕ್ಕೆ ಇಳಿಯುವಷ್ಟರಲ್ಲಿ ಸಿಗುವುದು ಕಾಲು ಯೂನಿಟ್ ಚಿಲ್ಲರೆ. 25 ಕಿಲೋವ್ಯಾಟ್ ಎಳೆದರೆ ಅದು ನಲವತ್ತು ಸೆಕೆಂಡಿಗೆ ಖಾಲಿ. ಏರುದಾರಿಯಲ್ಲಿ ಮೊದಲ ಓವರ್‌ಟೇಕ್ ಸಲೀಸಾಗಿ ಆಗಿ, ಮೂರನೆಯದಕ್ಕೆ ಗಾಡಿ ತಿಣುಕುವುದು ಇದಕ್ಕೇ.

ಹೆಜ್ಜೆ 1: ಅಳೆದು ಬರೆದಿಡಿ

ಸಮತಟ್ಟಾದ, ಖಾಲಿ ರಸ್ತೆಯಲ್ಲಿ ಗಂಟೆಗೆ 30ರಿಂದ 80 ಕಿಲೋಮೀಟರಿಗೆ ಏರಲು ಎಷ್ಟು ಸೆಕೆಂಡ್ ಬೇಕು ನೋಡಿ. ಗಡಿಯಾರ ಹಿಡಿಯಲು ಪಕ್ಕದಲ್ಲಿ ಒಬ್ಬರಿರಲಿ. ಎಂಜಿನ್ ಬಿಸಿಯಾಗಿರಬೇಕು, ಬ್ಯಾಟರಿ ಸೂಚಕ ಪ್ರತಿಸಲವೂ ಅಷ್ಟೇ ಗೆರೆ ತೋರಿಸುತ್ತಿರಬೇಕು, ಏಸಿ ಆಫ್ ಆಗಿರಬೇಕು. ಹೋಗುವಾಗ ಎರಡು ಸಲ, ಬರುವಾಗ ಎರಡು ಸಲ ಮಾಡಿ ಸರಾಸರಿ ತೆಗೆಯಿರಿ. ಗಾಳಿಯೂ ಇಳಿಜಾರೂ ಆಗ ವಜಾ ಆಗುತ್ತವೆ. ಈ ಅಂಕಿ ಕೈಯಲ್ಲಿಲ್ಲದೆ ಮಾಡುವ ಯಾವ ರಿಪೇರಿಯೂ 'ಈಗ ಪರವಾಗಿಲ್ಲ ಅನ್ಸತ್ತೆ' ಎಂಬಲ್ಲಿಗೆ ನಿಲ್ಲುತ್ತದೆ.

ಹೆಜ್ಜೆ 2: ಬ್ಯಾಟರಿಯ ಫ್ಯಾನ್

ಹೆಚ್ಚಿನವರು ನೋಡದೇ ಬಿಡುವ ಜಾಗ ಇದು. ಹಿಂದಿನ ಸೀಟಿನ ಪಕ್ಕದಲ್ಲಿ, ಕೆಲವು ಕಾರುಗಳಲ್ಲಿ ಸೀಟಿನ ಕೆಳಗೆ, ಒಂದು ಜಾಲರಿ ಇರುತ್ತದೆ. ಬ್ಯಾಟರಿ ತಂಪಾಗಲು ಕಾರಿನೊಳಗಿನ ಗಾಳಿ ಇಲ್ಲಿಂದಲೇ ಹೋಗಬೇಕು. ಅದಕ್ಕೆ ಚೀಲ ಒರಗಿಸಿಡುವುದು, ಮೇಲೆ ಟವಲ್ ಹರಡುವುದು ನಡೆದೇ ಇರುತ್ತದೆ. ಸಾಕುನಾಯಿ ಕೂರುವ ಕಾರಾದರೆ ಒಳಗಿನ ಫ್ಯಾನಿನ ರೆಕ್ಕೆಗಳ ನಡುವೆ ಕೂದಲು ದೂಳು ಸೇರಿ ಕಂಬಳಿಯ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಫ್ಯಾನ್ ಜೋರಾಗಿ ತಿರುಗುತ್ತದೆ, ಗಾಳಿ ಹೋಗುವುದಿಲ್ಲ. ಪ್ಯಾಕಿನ ಶಾಖ ಸುಮಾರು 45 ಡಿಗ್ರಿ ದಾಟುತ್ತಿದ್ದಂತೆ ಕಂಪ್ಯೂಟರ್ ಅದರಿಂದ ಎಳೆಯುವ ವಿದ್ಯುತ್ತನ್ನು ತಗ್ಗಿಸುತ್ತಾ ಬರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಯಾವ ದೀಪವೂ ಹತ್ತುವುದಿಲ್ಲ. ಗಾಡಿ ಮಂಕಾಗುತ್ತದೆ, ಅಷ್ಟೇ.

ಜಾಲರಿಯ ಹಿಂದೆ ಫಿಲ್ಟರ್ ಇದ್ದರೆ ತೆಗೆದು ಕೊಡವಿ ವ್ಯಾಕ್ಯೂಮ್ ಕ್ಲೀನರ್ ಹಿಡಿಯಿರಿ. ಸ್ವಂತ ಕೈಯಲ್ಲಿ ಅಲ್ಲಿಯವರೆಗೆ ಮಾತ್ರ. ಫ್ಯಾನ್ ಬಿಚ್ಚಬೇಕಾದರೆ ಪ್ಯಾಕಿನ ಮಗ್ಗುಲಲ್ಲೇ ಕೈಹಾಕಬೇಕಾಗುತ್ತದೆ. ಕಾರು ಆಫ್ ಮಾಡಿ, 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ಬಿಚ್ಚಿ, 1000 ವೋಲ್ಟ್ ತಡೆಯುವ ರಬ್ಬರ್ ಗ್ಲೌಸ್ ಹಾಕಿ ಪ್ಯಾಕಿನ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಎಳೆದು, ಹತ್ತು ನಿಮಿಷ ಕಾದು, ಮೀಟರಿನಲ್ಲಿ ನೋಡಿದ ಮೇಲೇ ಮುಂದಿನ ಮಾತು. ತರಬೇತಿ ಇಲ್ಲದವರು ಇದನ್ನು ಮುಟ್ಟಬಾರದು. ಹೈ ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ವೈರ್ ಎಲ್ಲೇ ಕಂಡರೂ ಇದೇ ನಿಯಮ. ಬಿಚ್ಚಿದ ಫ್ಯಾನನ್ನು ಒಣ ಮೆತ್ತನೆಯ ಬ್ರಷ್ಷಿನಿಂದ ಒಂದೊಂದೇ ರೆಕ್ಕೆ ಉಜ್ಜಬೇಕು. ನೀರು, ಎಣ್ಣೆ ಬೇಡ. ಏರ್ ಹೊಡೆಯುವಾಗ ಚಕ್ರವನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ಅದು ಹುಚ್ಚಾಪಟ್ಟೆ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಹೆಜ್ಜೆ 3: ಪ್ಯಾಕಿನ ಆರೋಗ್ಯ

ಕಾರಿನ ದೋಷ ಓದಲು ಇರುವ ಓಬಿಡಿ ಸಾಕೆಟ್ಟಿಗೆ ಬ್ಲೂಟೂತ್ ರೀಡರ್ ಹಾಕಿ, ಹೈಬ್ರಿಡ್ ಅಂಕಿಗಳನ್ನು ಓದಬಲ್ಲ ಆ್ಯಪ್ ತೆರೆಯಿರಿ. ಪ್ರಿಯಸ್ಸಿನ ಕಂಪ್ಯೂಟರ್ ಪ್ಯಾಕಿನ 28 ಮಾಡ್ಯೂಲುಗಳನ್ನು (ಬಿಡಿ ಬ್ಯಾಟರಿಗಳನ್ನು) ಎರಡೆರಡಾಗಿ 14 ಬ್ಲಾಕ್ ಮಾಡಿ ವೋಲ್ಟೇಜ್ ಅಳೆಯುತ್ತದೆ. ನಿಂತಾಗ ಎಲ್ಲವೂ ಸರಿಯಾಗೇ ಕಾಣುತ್ತವೆ, ಅದನ್ನು ನಂಬಬೇಡಿ. ಪೂರ್ತಿ ಪೆಡಲ್ ಒತ್ತಿ ಏರುವಾಗಿನ ಅಂಕಿ ಬೇಕು. ಹದಿಮೂರು ಬ್ಲಾಕುಗಳು ಒಟ್ಟಿಗೆ ಇಳಿದು, ಒಂದು ಮಾತ್ರ ಇನ್ನೂ ಒಂದು ವೋಲ್ಟಿನಷ್ಟು ಕೆಳಗೆ ಕುಸಿದರೆ ಅದೇ ಕಳ್ಳ. ಅದೊಂದರಿಂದಾಗಿ ಇಡೀ ಪ್ಯಾಕಿನ ಕೈ ಕಟ್ಟುತ್ತದೆ. ಇದು ಮುಂದುವರಿದರೆ ಪಿ0ಎ80 ಎಂಬ ದೋಷದ ಕೋಡ್ ಬರುತ್ತದೆ. ಕೆಟ್ಟ ಮಾಡ್ಯೂಲ್ ಒಂದನ್ನೇ ಬದಲಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಹಳೆಯದರ ಜೊತೆ ಹೊಂದದ ಹೊಸದು ಸೇರಿದರೆ ಕೆಲವೇ ತಿಂಗಳಲ್ಲಿ ಪಕ್ಕದ್ದು ಮಲಗುತ್ತದೆ. ಹತ್ತಾರು ವರ್ಷ ಓಡಿದ ಪ್ಯಾಕಾದರೆ ಪೂರ್ತಿ ಬದಲಿಸುವುದೇ ಲೇಸು, ಪಿಕಪ್ಪಿನಲ್ಲಿ ಅದರಷ್ಟು ಫರಕು ತರುವ ಕೆಲಸ ಇನ್ನೊಂದಿಲ್ಲ.

ಇದರ ಜೊತೆಗೆ, ಬ್ಯಾಟರಿಯ ವಿದ್ಯುತ್ತನ್ನು ಮೋಟರಿಗೆ ಹೊಂದುವಂತೆ ಮಾಡುವ ಇನ್ವರ್ಟರಿನ ಕೂಲಂಟ್ ಪಂಪ್ ನೋಡಿ. ಇದರ ಡಬ್ಬಿ ರೇಡಿಯೇಟರಿನದಕ್ಕಿಂತ ಬೇರೆ. ಕಾರು ತಣ್ಣಗಿದ್ದಾಗ ಡಬ್ಬಿಯ ಮುಚ್ಚಳ ತೆಗೆದು, ಕಾರನ್ನು ರೆಡಿ ಸ್ಥಿತಿಗೆ ತಂದು ಒಳಗೆ ಇಣುಕಿದರೆ ದ್ರವ ಕದಡುತ್ತಿರಬೇಕು. ಕೆರೆಯ ನೀರಿನಂತೆ ನಿಶ್ಚಲವಾಗಿದ್ದರೆ ಪಂಪ್ ಸತ್ತಿದೆ, ಇಲ್ಲವೇ ಗಾಳಿ ಸಿಕ್ಕಿಕೊಂಡಿದೆ. ಇದಕ್ಕೆ ಪಿ0ಎ93 ಕೋಡ್ ಬರುತ್ತದೆ. ಹಾಗೇ ಓಡಿಸಿದರೆ ಇನ್ವರ್ಟರ್ ಸುಡುತ್ತದೆ.

ಹೆಜ್ಜೆ 4: ಎಂಜಿನ್

ಇಲ್ಲಿ ಹೊಸ ವಿದ್ಯೆ ಏನಿಲ್ಲ. ಏರ್ ಫಿಲ್ಟರ್ ಕಪ್ಪಾಗಿದ್ದರೆ ಬದಲಿಸಿ. ಗಾಳಿ ಅಳೆಯುವ ಸೆನ್ಸರಿಗೆ ಅದಕ್ಕೆಂದೇ ಇರುವ ಸ್ಪ್ರೇ ಹೊಡೆದು ಒಣಗಲು ಬಿಡಿ, ಹತ್ತಿ ಬಟ್ಟೆ ಮುಟ್ಟಿಸಿದರೆ ಒಳಗಿನ ಎಳೆ ತುಂಡಾಗುತ್ತದೆ. ಇರಿಡಿಯಂ ಸ್ಪಾರ್ಕ್ ಪ್ಲಗ್ ದೀರ್ಘಕಾಲ ಬಾಳುತ್ತದೆ ನಿಜ, ಎರಡು ಲಕ್ಷ ಕಿಲೋಮೀಟರ್ ಹತ್ತಿರವಾದರೆ ಬದಲಿಸಿಬಿಡಿ. ಆಯಿಲ್ ಕೈಪಿಡಿಯಲ್ಲಿ ಹೇಳಿದ್ದೇ ಇರಲಿ, ಹೆಚ್ಚಾಗಿ 0ಡಬ್ಲ್ಯು-20. ಅದು ಮೇಲಿನ ಗುರುತನ್ನು ದಾಟಬಾರದು.

2009ರ ನಂತರದ ಪ್ರಿಯಸ್ಸಿನ 1.8 ಲೀಟರ್ ಎಂಜಿನ್ನಿಗೆ ಮಾತ್ರ ಒಂದು ವಿಶೇಷ ಕಾಯಿಲೆ ಇದೆ. ಹೊಗೆಯನ್ನು ಮರಳಿ ಒಳಗೆ ಕಳಿಸುವ ಈಜಿಆರ್ ಕೂಲರಿನಲ್ಲಿ ಮಸಿ ಕಟ್ಟಿಕೊಳ್ಳುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆದಾಗ ಎಂಜಿನ್ ಗಡಗಡ ನಡುಗಿದರೆ, ಕೂಲಂಟ್ ಗೊತ್ತಿಲ್ಲದಂತೆ ಕಡಿಮೆಯಾದರೆ ತಡಮಾಡಬೇಡಿ. ಕೂಲರ್ ಬಿಚ್ಚಿ ನೆನೆಹಾಕಿ ತೊಳೆಯುವುದು ಅರ್ಧ ದಿನದ ಕೆಲಸ, ಹಾಗೇ ಬಿಟ್ಟು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗದ ಸೀಲ್) ಹೋದರೆ ಅರ್ಧ ಎಂಜಿನ್ನಿನ ಕೆಲಸ.

ಹೆಜ್ಜೆ 5: ಬ್ರೇಕ್ ಮತ್ತು ಟೈರ್

ಹೈಬ್ರಿಡ್‌ನಲ್ಲಿ ನಿಧಾನಿಸುವ ಕೆಲಸದ ಬಹುಪಾಲು ಮೋಟರಿನದು. ಬ್ರೇಕ್ ಪ್ಯಾಡಿಗೆ ಕೆಲಸ ಕಡಿಮೆ, ಹಾಗಾಗಿ ಕ್ಯಾಲಿಪರಿನ ಪಿನ್ ತುಕ್ಕು ಹಿಡಿದು ಪ್ಯಾಡ್ ಡಿಸ್ಕಿಗೆ ಅಂಟಿಕೊಂಡೇ ಇರುತ್ತದೆ. ಬ್ರೇಕ್ ಆದಷ್ಟು ಮುಟ್ಟದೆ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಇನ್ಫ್ರಾರೆಡ್ ಥರ್ಮಾಮೀಟರಿನಿಂದ ಎಡ ಬಲ ಡಿಸ್ಕುಗಳ ಶಾಖ ನೋಡಿ. ಜೋಡಿಯಲ್ಲಿ ಒಂದು 20 ಡಿಗ್ರಿಗಿಂತ ಹೆಚ್ಚು ಬಿಸಿಯಿದ್ದರೆ ಅಲ್ಲಿ ಪಿನ್ ಬಿಚ್ಚಿ ತಿಕ್ಕಿ, ಸಿಲಿಕೋನ್ ಗ್ರೀಸ್ ಹಚ್ಚಿ ಕೂರಿಸಬೇಕು.

ಟೈರಿನ ವಿಷಯದಲ್ಲಿ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತೆ 17 ಇಂಚಿನ ಭಾರದ ಅಲಾಯ್ ಹಾಕಿಸುವವರೇ ಹೆಚ್ಚು. ಪಿಕಪ್ ಬೇಕಿದ್ದರೆ ದಾರಿ ತಿರುಗಾಮುರುಗಾ. 195/65 ಆರ್15 ಟೈರಿನ ವ್ಯಾಸ ಸುಮಾರು 634 ಮಿಲಿಮೀಟರ್, 195/60 ಆರ್15ರದು 615. ಶೇ 3 ಚಿಕ್ಕದು, ಆದ್ದರಿಂದ ರಸ್ತೆಯನ್ನು ತಳ್ಳುವ ಬಲ ಶೇ 3 ಹೆಚ್ಚು. ಸ್ಪೀಡೋಮೀಟರ್ ಅಷ್ಟೇ ಹೆಚ್ಚು ತೋರಿಸುತ್ತದೆ, ನೆಲದಿಂದ ಗಾಡಿಯ ಎತ್ತರ ಒಂದು ಸೆಂಟಿಮೀಟರ್ ಕಡಿಮೆಯಾಗುತ್ತದೆ. ಭಾರ ಹೊರುವ ಸೂಚ್ಯಂಕ ಮೂಲ ಟೈರಿಗಿಂತ ಕಡಿಮೆಯಿರದಂತೆ ನೋಡಿಕೊಳ್ಳಿ. ಅಳತೆ ಬದಲಿಸಲು ನಿಯಮ ಅಡ್ಡಿಯಿದೆಯೇ ಎಂಬುದನ್ನೂ ವಿಚಾರಿಸಿ.

ಹೆಜ್ಜೆ 6: ಕಾಲಿನ ಅಭ್ಯಾಸ

ಈಕೋ, ನಾರ್ಮಲ್, ಪವರ್ ಬಟನ್ನುಗಳು ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಪೆಡಲ್ ಅರ್ಧ ಒತ್ತಿದಾಗ ಎಷ್ಟು ಕೊಡಬೇಕು ಎಂಬುದನ್ನಷ್ಟೇ ಬದಲಿಸುತ್ತವೆ. ಪೂರ್ತಿ ಒತ್ತಿದರೆ ಮೂರರಲ್ಲೂ ಒಂದೇ. ಗೇರ್ ಗುಂಡಿಯ 'ಬಿ' ಎಂದರೆ ಬೂಸ್ಟ್ ಎಂದುಕೊಂಡವರೂ ಇದ್ದಾರೆ. ಅದು ಇಳಿಜಾರಿನಲ್ಲಿ ಎಂಜಿನ್ನಿನಿಂದ ಹಿಡಿತ ಪಡೆಯಲು, ಏರಲು ಅಲ್ಲ.

ಓವರ್‌ಟೇಕಿನಲ್ಲಿ ಎಲ್ಲಕ್ಕಿಂತ ಫಲ ಕೊಡುವುದು ಎಂಜಿನ್ನನ್ನು ಮೊದಲೇ ಎಬ್ಬಿಸಿಡುವುದು. ನಿಧಾನವಾಗಿ ಹೋಗುವಾಗ ಎಂಜಿನ್ ಮಲಗಿರುತ್ತದೆ. ಒಮ್ಮೆಲೇ ಒತ್ತಿದರೆ ಜನರೇಟರ್ ಅದನ್ನು ತಿರುಗಿಸಿ, ಉರಿ ಹೊತ್ತಿಸಿ, ಗರಿಷ್ಠ ವೇಗದ (ಎರಡನೇ ತಲೆಮಾರಿನ ಪ್ರಿಯಸ್ಸಿನಲ್ಲಿ ನಿಮಿಷಕ್ಕೆ 5000 ಸುತ್ತು) ಹತ್ತಿರ ಒಯ್ಯಬೇಕು. ದಾಟುವ ಜಾಗ ಸಿಗುವ ಎರಡು ಮೂರು ಸೆಕೆಂಡ್ ಮುಂಚೆ ಪೆಡಲನ್ನು ಅರ್ಧಕ್ಕೆ ತನ್ನಿ, ಜಾಗ ಸಿಕ್ಕ ಕೂಡಲೇ ಪೂರ್ತಿ ಒತ್ತಿ. ಒಂದೇ ಸ್ವರದ ಅರಚಾಟಕ್ಕೆ ಹೆದರಿ ಕಾಲು ಎತ್ತಬೇಡಿ. ಗೇರ್ ಬದಲಾಗದ ಈ ವ್ಯವಸ್ಥೆಯಲ್ಲಿ ಗರಿಷ್ಠ ಶಕ್ತಿಯ ಸದ್ದೇ ಅದು.

ಬೆಟ್ಟ ಏರುವ ಮುನ್ನ ಬ್ಯಾಟರಿ ತುಂಬಿರಲಿ. ಟ್ರಾಫಿಕ್ಕಿನಲ್ಲಿ ಏಸಿ ಹಾಕಿಕೊಂಡು ಮೋಟರಿನಲ್ಲೇ ತೆವಳಿ ಬಂದರೆ ಬೆಟ್ಟದ ಬುಡದಲ್ಲೇ ಅದು ಬರಿದಾಗಿರುತ್ತದೆ. ಬ್ರೇಕನ್ನು ದೂರದಿಂದಲೇ ಮೆಲ್ಲಗೆ ಒತ್ತಿದರೆ ಹೆಚ್ಚು ಚಾರ್ಜ್ ಮರಳುತ್ತದೆ. ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ಎಂಜಿನ್ ಸುಮಾರು ಶೇ 10 ಶಕ್ತಿ ಕಳೆದುಕೊಳ್ಳುತ್ತದೆ, ಮೋಟರಿಗೆ ಆ ತೊಂದರೆಯಿಲ್ಲ. ಮೇಲಕ್ಕೆ ಹೋದಷ್ಟೂ ಉಳಿಸಿಟ್ಟ ಚಾರ್ಜಿನ ಬೆಲೆ ಹೆಚ್ಚು.

ಹಣ ಹಾಕಬಾರದ ಜಾಗ

ಪೆಡಲ್ ಕಂಟ್ರೋಲರ್ ಎಂಬ ಡಬ್ಬಿ ಪವರ್ ಬಟನ್ನಿನ ಕೆಲಸವನ್ನೇ ಮಾಡುತ್ತದೆ. ಹೈಬ್ರಿಡ್ ಎಂಜಿನ್ನುಗಳನ್ನು ಹೆಚ್ಚಾಗಿ ಸಾಮಾನ್ಯ ಪೆಟ್ರೋಲಿಗೇ ಹೊಂದಿಸಿರುತ್ತಾರೆ, ದುಬಾರಿ ಪೆಟ್ರೋಲಿನಿಂದ ಲಾಭವಿಲ್ಲ. ಗಾಳಿ ಹೆಚ್ಚು ಎಳೆಯುವ ಫಿಲ್ಟರಿನ ಕಥೆಯೂ ಅಷ್ಟೇ. ಈ ಎಂಜಿನ್ನುಗಳು ಅಟ್ಕಿನ್ಸನ್ ಬಗೆಯವು. ಒಳಬಂದ ಗಾಳಿಯಲ್ಲಿ ಒಂದಿಷ್ಟನ್ನು ಬೇಕೆಂದೇ ಹಿಂದಕ್ಕೆ ತಳ್ಳುತ್ತವೆ. ಅದಲ್ಲದೆ ಪ್ರಿಯಸ್ಸಿನ ಒಳಗಿನ ಗೇರಿನಲ್ಲಿ ಜನರೇಟರಿಗೆ ಕೂಡಿದ ನಡುವಿನ ಚಕ್ರಕ್ಕೆ 30 ಹಲ್ಲು, ಕಾರಿನ ಚಕ್ರಗಳಿಗೆ ಕೂಡಿದ ಸುತ್ತಿನ ಬಳೆಗೆ 78. ಎಂಜಿನ್ನಿನ ತಿರುಚುಬಲದಲ್ಲಿ ಶೇ 28 ಜನರೇಟರಿಗೆ, ಶೇ 72 ಚಕ್ರಗಳ ಕಡೆಗೆ ಹೋಗುತ್ತದೆ. ಎಂಜಿನ್ ಬಲ ಹೆಚ್ಚಾದರೆ ಜನರೇಟರೂ ಅಷ್ಟೇ ಹೆಚ್ಚು ಬಲದಿಂದ ತಡೆದು ಹಿಡಿಯಬೇಕು. ಎಷ್ಟು ಶಕ್ತಿ ಬೇಕೆಂದು ಹೈಬ್ರಿಡ್ ಕಂಪ್ಯೂಟರ್ ಮೊದಲೇ ನಿಗದಿ ಮಾಡಿರುತ್ತದೆ. ಎಂಜಿನ್ ಅದಕ್ಕಿಂತ ಹೆಚ್ಚು ಕೊಟ್ಟರೆ ಥ್ರಾಟಲ್ಲನ್ನು ತಾನೇ ಕಿರಿದು ಮಾಡಿ ಹಳೆಯ ಅಂಕಿಗೇ ತಂದು ನಿಲ್ಲಿಸುತ್ತದೆ.